ಹೆರಿಗೆ ನೋವಿನ ಪಾಲು

ರೊಟ್ಟಿ ಬಡಿಯುತ್ತಿದ್ದ ಹಾಗೇ ನನ್ನ ಸೊಂಟ ಚಳಕ್ ಎಂದಿತು. ಆಸ್ಪತ್ರೆಯಲ್ಲಿ ಮೊಮ್ಮಗಳು ದಾಕ್ಷಾಯಣಿಗೆ ಹೆರಿಗೆ ನೋವು ಶುರುವಾಗಿತ್ತು. ನಮ್ಮಲ್ಲಿ ತೆರಿಗೆ ಕಟ್ಟುವುದು ನೋವಿನಲ್ಲೇ. ಯಾರದೇ ನೋವನ್ನು ಊರೆಲ್ಲ ಹಂಚಿಕೊಳ್ಳುವುದೇ ನಮ್ಮ ಆರೋಗ್ಯ ವಿಮೆ.

ಮೈದುನ ಈರಸಂಗಪ್ಪ ತೆರಿಗೆ ಕಡಿತದ ಪಕ್ಷದವನು. ಹೊಟ್ಟೆ ಹಿಡಿದುಕೊಂಡೇ ಒಳಗೆ ಬಂದ.

"ವೈನಿ, ಗಂಡಸಿಗೆ ಇದೆಂಥಾ ತೆರಿಗಿ? ಪೂರ್ತಿ ಕಡೀಬೇಕು!"

"ಕಡಿದ್ರ ಇಷ್ಟೂ ನೋವು ದಾಕ್ಷಿ ಒಬ್ಬಾಕೀನ ತಿನ್ನಬೇಕೇನೋ? ನಿನ್ನ ಕಿಡ್ನ್ಯಾಗ ಕಲ್ಲಾದಾಗ ಊರ ಮಂದಿ ನರಳಿರಲಿಲ್ಲೇನು?"

"ಅದು ಬ್ಯಾರೆ ಮಾತು... ಅಯ್ಯಯ್ಯಪ್ಪಾ!" ಎಂದು ಹಿಟ್ಟಿನ ಡಬ್ಬಿಯ ಮೇಲೆ ಕುಸಿದ.

ಕಡಿತ ಬೇಕೋ ಬೇಡವೋ ಎಂದು ಸರ್ಕಾರ ಮನೆಮನೆಗೂ ಕೇಳಿತ್ತು. ಬೇಡವೆಂದು ನಾನು ಬರೆದ ಕಾಗದ ಅವನ ಸಹಿಗಾಗಿ ತಿಂಗಳಿಂದ ಗೋಡೆಯ ಗೂಡಿನಲ್ಲಿ ಕಾದಿತ್ತು. ಮನೆಗೊಂದೇ ಉತ್ತರ, ಮನೆಯ ಹಿರಿಯರಾದ ನಮ್ಮಿಬ್ಬರ ಸಹಿಯೂ ಬೇಕು.

ನೋವು ಥಟ್ಟನೆ ನಿಂತಿತು. ಎದೆಯೊಳಗಿಂದ ನಗೆ ಬುಳುಬುಳು ಉಕ್ಕಿತು. ಕಿಟಕಿಯಾಚೆ ಬಸ್ ಕಂಡಕ್ಟರು, ಪೊಲೀಸು, ಗಡ್ಡಕ್ಕೆ ನೊರೆ ಹಚ್ಚಿಕೊಂಡವನು, ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದರು. ಮಗು ಹುಟ್ಟಿತ್ತು, ತಾಯಿಯ ಖುಷಿಯೂ ಊರಿಗೆಲ್ಲ ಪಾಲಾಗಿತ್ತು.

"ಕಡಿದ್ರ ಇದೂ ಬರಂಗಿಲ್ಲೇನು ವೈನಿ?" ಈರಸಂಗಪ್ಪ ಕಣ್ಣೊರೆಸಿಕೊಂಡ.

"ಇದೂ ಬರಂಗಿಲ್ಲಪ್ಪ."

ನಗುನಗುತ್ತಲೇ ಸಹಿ ಗೀಚಿದ. ಪಕ್ಷದ ಶಾಲು ಹೆಗಲ ಮೇಲಿದ್ದಂತೆಯೇ ಓಡಿಹೋಗಿ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದ.