ಮಂಚದ ಕೆಳಗಿನ ಮಷೀನು

ಅತ್ತೆ ಬಸವೇಶ್ವರಿ ಮಂಚದ ಕೆಳಗೆ ಮೂರನೇ ಸಲ ಕೈಯಾಡಿಸಿದಳು. ಸೊಸೆ ಶಿವಕಾಂತಾ ಒಲೆಯ ಮುಂದೆ ನಿಂತು, ಇನ್ನೂ ಕುದಿಯದ ಚಹಾವನ್ನು ತಿರುವುತ್ತಲೇ ಇದ್ದಳು.

"ಶ್ಯಾವಿಗಿ ಮಷೀನ ಎಲ್ಲದ?"

"ಅಲ್ಲೇ ಇರಬೇಕಲ್ರಿ ಅತ್ತಿ."

ಅಲ್ಲಿರಲಿಲ್ಲ. ಅತ್ತೆ ಎಕಂಬಾದ ಮಗಳ ಮನೆಗೆ ಹೋದ ಮರುದಿನವೇ ಶಿವಕಾಂತಾ ಅದನ್ನು ಗುಜರಿಗೆ ಹಾಕಿ ಪ್ಲಾಸ್ಟಿಕ್ ಬುಟ್ಟಿ ತೆಗೆದುಕೊಂಡಿದ್ದಳು.

ಹನ್ನೊಂದು ಬೇಸಿಗೆ ಗುದ್ದಾಡಿದ್ದಳು ಅದರೊಂದಿಗೆ. ಮಂಚದ ಪಟ್ಟಿಗೆ ಬಿಗಿದ ತಿರುಪು ನಾಲ್ಕೇ ಸುತ್ತಿಗೆ ಸಡಿಲ. ಹಿಟ್ಟು ತುಸು ಗಟ್ಟಿಯಾದರೆ ಹಿಡಿಕೆ ಅಲುಗದು, ತೆಳುವಾದರೆ ಎಳೆಗಳೆಲ್ಲ ಮುದ್ದೆ. "ಕಿರ್ರ್... ಕಟ್!" ಎಂದು ಮಷೀನಿನ ದನಿಯನ್ನೂ, "ಜೋರ್ ತಿರುವ, ಕೈಯಾಗ ಜೀವ ಇಲ್ಲೇನು?" ಎಂದು ಅತ್ತೆಯ ದನಿಯನ್ನೂ ಅಣಕಿಸಿ ಗಂಡನನ್ನು ನಗಿಸುತ್ತಿದ್ದಳು. ಎರಡರಲ್ಲೂ ಕಿರಿಕಿರಿ ಒಂದೇ.

ಭಾಲ್ಕಿಯ ಆ ಓಣಿಯಲ್ಲಿ ಶ್ಯಾವಿಗೆ ಮಷೀನು ಮನೆಯಿಂದ ಮನೆಗೆ ತಿರುಗುತ್ತದೆ. ಒಯ್ದವರು ಮರಳಿಸುವಾಗ ಜೊತೆಗೊಂದು ತಾಟು ಶ್ಯಾವಿಗೆ ಕೊಡುವುದು ರೂಢಿ. ಅತ್ತೆ ಮಾತ್ರ ಯಾರಿಗೂ ಕೊಟ್ಟವಳಲ್ಲ. ಬಾಗಿಲು ಹಾಕಿಕೊಂಡೇ ತಿರುವಿಸುತ್ತಿದ್ದಳು. ಅದರ ಮೈಮೇಲೊಂದು ಕೆರೆದ ಗುರುತಿತ್ತು. "ಜಂಗು ಹಿಡದಿತ್ತು, ಉಜ್ಜೀನಿ," ಎನ್ನುತ್ತಿದ್ದಳು. ಅಷ್ಟು ಜೋಪಾನ, ಅಷ್ಟು ಜೀವ.

ಈಗ ಅತ್ತೆಯ ಬಿಳಿಚಿದ ಮುಖ ನೋಡಿ ಶಿವಕಾಂತಾ ಒಲೆ ಆರಿಸಿ ಹತ್ತಿರ ಬಂದಳು. ಅಣಕಿಸಿದ್ದೆಲ್ಲ ನೆನಪಾಗಿ ಚುಚ್ಚಿತು.

"ತಪ್ಪಾಯ್ತ್ರಿ ಅತ್ತಿ. ಗುಜರಿಗಿ ಕೊಟ್ಟೀನಿ. ಈಗೇ ಹೋಗಿ ತರ್ತೇನಿ."

"ಯಾರಿಗಿ ಕೊಟ್ಟಿ?"

"ಹಿಂದಿನ ಓಣಿ ಗೌಸೋದ್ದೀನ ಭಾಯಿಗಿ."

ಅತ್ತೆ ಕುಸಿದು ಕುಳಿತಳು. ಹಿಂದಿನ ಓಣಿಗೆ ಅವಳು ಕಾಲಿಟ್ಟದ್ದನ್ನು ಶಿವಕಾಂತಾ ಎಂದೂ ಕಂಡಿರಲಿಲ್ಲ.

"ಬ್ಯಾಡ. ತರಬ್ಯಾಡ."

ಶಿವಕಾಂತಾ ಕಾಲು ಹಿಡಿದಳು. "ಬೈರಿ ಅತ್ತಿ, ಎರಡು ಬಡೀರಿ ಬೇಕಾದ್ರ. ಹಿಂಗ ಸುಮ್ನ ಕುಂದರಬ್ಯಾಡ್ರಿ."

"ಮೊದಲ ಬಾಗಿಲ ಹಾಕು."

ತಡವಾಗಿತ್ತು. ಗೌಸೋದ್ದೀನನ ಹೆಂಡತಿ ಜಾಹೇದಾ ಹೊಸ್ತಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಖಾಲಿ ತಾಟು. ಅವಳು ಶಿವಕಾಂತಾಳತ್ತ ನೋಡಲೇ ಇಲ್ಲ.

"ಬಸಕ್ಕಾ, 'ನಿಮ್ಮ ಮಷೀನ ಆಗಲೇ ಕೊಟ್ಟ ಕಳಿಸೀನಿ' ಅಂದಿದ್ರಲ್ರಿ, ಇಪ್ಪತ್ತು ವರ್ಷದ ಮ್ಯಾಲ ನಿನ್ನಿ ಬಂದು ಮುಟ್ಯಾದ," ಎಂದು ತಾಟು ಮುಂದೆ ಚಾಚಿದಳು. "ಅದರ ಜೋಡಿ ಶ್ಯಾವಿಗಿ ಬರಲಿಲ್ಲಲ್ಲ?"