ಎದೆಯೆತ್ತರದ ಪಂಪು

ಹೊಲದ ತುದಿಯಲ್ಲಿ ವಿಮಾನ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಟ್ರ್ಯಾಕ್ಟರ್ ಮೆಕ್ಯಾನಿಕ್ ಅಣ್ಣ ದನದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಕೂತು ಕೈಯಾರೆ ಕಟ್ಟಿದ ವಿಮಾನ ಅದು. ಮೊದಲ ಸಲ ಹಾರಿಸಲು ಒಳಗೆ ಕೂತಿದ್ದವಳು ತಂಗಿ. ಮನೆಯಲ್ಲಿ ಹಾರಲು ಕಲಿತವಳು ಅವಳೊಬ್ಬಳೇ.

“ಬೆಳಿಗ್ಗೆ ಚೆನ್ನಾಗೇ ಓಡ್ತಲ್ಲೇ ಪುಟ್ಟಿ!” ಅಣ್ಣ ಏದುಸಿರು ಬಿಡುತ್ತಾ ಓಡಿ ಬಂದ. ಹಿಂದೆಯೇ ಅತ್ತಿಗೆ, ಬುತ್ತಿಯ ಡಬ್ಬಿ ಹಿಡಿದುಕೊಂಡು.

“ಬೆಳಿಗ್ಗೆ ಎಂಜಿನ್ ತಣ್ಣಗಿತ್ತು. ಓಡಿಸಿ ನೋಡಿದ ಮೇಲೆ ಹೊರಟುಬಿಡ್ತೀನಿ ಅಂದೆ. ನೀನು ಇನ್ನೊಂದು ಮೊಟ್ಟೆ ತಿಂದುಬಿಡ್ತೀನಿ ಇರು ಅಂತ ಕೂತೆ. ಎಂಜಿನ್ ನಿಲ್ಲಿಸಿದ್ರೂ ಅಷ್ಟು ಹೊತ್ತೂ ಇದು ಆ ಕಾವಿಗೆ ಒಳಗೊಳಗೇ ಬೇಯ್ತಾ ಇತ್ತು.” ತಂಗಿ ಇಳಿದು ಎಂಜಿನ್ನಿನ ಮುಚ್ಚಳ ತೆಗೆದಳು. ಪೆಟ್ರೋಲ್ ಪಂಪನ್ನು ಮುಟ್ಟಿದವಳೇ ಬೆರಳು ಹಿಂದಕ್ಕೆಳೆದು ಉಫ್ ಎಂದು ಊದಿಕೊಂಡಳು.

ಪೆಟ್ರೋಲ್ ಟ್ಯಾಂಕು ಇದ್ದದ್ದು ಸೀಟಿನ ಕೆಳಗೆ. ಪಂಪು ಕೂತಿದ್ದದ್ದು ಮೇಲೆ, ಹೊಗೆ ಕೊಳವೆಯ ಪಕ್ಕದಲ್ಲೇ. ಕೆಳಗಿನಿಂದ ಅಷ್ಟುದ್ದ ಎಳೆದುಕೊಳ್ಳುವಷ್ಟರಲ್ಲಿ ಪೆಟ್ರೋಲು ಪೈಪಿನಲ್ಲೇ ಕಾದು ಆವಿಯಾಗಿತ್ತು. ಆವಿಯನ್ನು ಹೀರಿ ಪಂಪು ಏನು ಮಾಡೀತು?

“ಪಂಪು ತಳ್ಳೋದಕ್ಕೆ ಗಟ್ಟಿ, ಎಳೆಯೋದಕ್ಕೆ ಸೋಮಾರಿ, ಬಾವಿಗಿಳಿಸಿ, ನೀರಿನ ಹತ್ತಿರ ಇಡಿ ಅಂತ ಊರಿಗೆಲ್ಲ ಹೇಳೋನು ನೀನೇ ಅಲ್ವಾ ಅಣ್ಣ? ಇದನ್ನ ಯಾಕೆ ಅಟ್ಟಕ್ಕೇರಿಸಿದೆ?”

ಅಣ್ಣ ಬೋಲ್ಟು ಹುಡುಕುವವನಂತೆ ನೆಲ ನೋಡಿದ. ಹೊಟ್ಟೆ ಅಡ್ಡ ಬಂದು ಪಾದ ಕಾಣಲಿಲ್ಲ.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. “ಅವರನ್ನೇನು ಕೇಳ್ತೀಯ? ಸೀಟಿನ ಕೆಳಗೆ ಕೂರಿಸ್ಬೇಕಂದ್ರೆ ಬಗ್ಗಬೇಕು. ನಿಂತಲ್ಲೇ ಕೈಗೆ ಎಟುಕಿದ್ದು ಅಲ್ಲಿ, ಕೂರಿಸಿಬಿಟ್ಟಿದಾರೆ!”

ತಂಗಿಯೂ ನಕ್ಕಳು. ನಗುತ್ತಲೇ ಹೊಲದಾಚೆಯ ಎತ್ತರದ ಮರಗಳ ಸಾಲಿನ ಕಡೆ ಒಮ್ಮೆ ನೋಡಿದಳು. ಅಣ್ಣನೂ ನೋಡಿದ. ಆ ಮರಗಳ ಮೇಲೆ ಇದ್ದಾಗ ಎಂಜಿನ್ ಹೀಗೆ ಕೆಮ್ಮಿದ್ದರೆ? ಅವನು ಸ್ಪ್ಯಾನರ್ ಎತ್ತಿಕೊಂಡ.

ಎಂಜಿನ್ ಆರಿದ ಮೇಲೆ ಅಣ್ಣ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಸೀಟಿನ ಕೆಳಗೆ ಅಂಗಾತ ತೂರಿದ. ಹೆಂಗಸರಿಬ್ಬರೂ ಕಾಲು ಹಿಡಿದು ತಳ್ಳಿದರು.

“ನೀವೂ ತಳ್ಳೋದಕ್ಕೇ ಗಟ್ಟಿ ಅತ್ತಿಗೆ. ಆಮೇಲೆ ಎಳೆಯೋದು ಹೇಗೆ?”

“ಎಳೆಯೋದು ಬೇಡ ಬಿಡು. ಅಲ್ಲೇ ಇರಲಿ, ಮನೇಲಿ ದಿನಸಿ ಉಳಿಯುತ್ತೆ.”

“ನಗಬೇಡ್ರೇ, ಬೋಲ್ಟು ಜಾರುತ್ತೆ!” ಒಳಗಿನಿಂದ ದನಿ ಬಂತು.

ಪಂಪು ಟ್ಯಾಂಕಿನ ಪಕ್ಕಕ್ಕೆ ಬಂತು, ಹೊಸ ಪೈಪು ಹೊಗೆ ಕೊಳವೆಯಿಂದ ದೂರ ಹೋಯಿತು. ಎಂಜಿನ್ನನ್ನು ಬೇಕೆಂದೇ ಚೆನ್ನಾಗಿ ಕಾಯಿಸಿ, ನಿಲ್ಲಿಸಿ, ಮೂವರೂ ನೆರಳಲ್ಲಿ ಕೂತು ಚಹಾ ಕುಡಿದರು. ಮತ್ತೆ ಸ್ವಿಚ್ಚು ಒತ್ತಿದಾಗ ಒಂದೇ ಏಟಿಗೆ ಹಿಡಿಯಿತು. ಹಾಗೆ ಕಾಯಿಸಿ, ನಿಲ್ಲಿಸಿ, ಹಚ್ಚಿ ಎಷ್ಟು ಸಲ ನೋಡಿದರೂ ಅಣ್ಣನಿಗೆ ಸಾಲದು. ಕೊನೆಗೆ ತಂಗಿಯೇ ಗದರಿಸಿ ಹೊರಟಳು.

ವಿಮಾನ ಹೊಲದುದ್ದಕ್ಕೂ ಓಡಿತು, ನೆಲ ಬಿಟ್ಟಿತು, ಮರಗಳ ಮೇಲೆ ಹೋಯಿತು. ಅಣ್ಣ ಎಂಜಿನ್ನಿನ ಸದ್ದಿಗೆ ಮೈಯೆಲ್ಲ ಕಿವಿಯಾಗಿ ನಿಂತಿದ್ದ. ಅತ್ತಿಗೆ ಕೈಗಿಟ್ಟದ್ದೇನೆಂದೂ ಅವನು ನೋಡಲಿಲ್ಲ. ದೊಡ್ಡ ಸುತ್ತು ಹಾಕಿ ಬಂದು ವಿಮಾನ ಮೆತ್ತಗೆ ಇಳಿಯಿತು.

ತಂಗಿ ಕೇಕೆ ಹಾಕುತ್ತಾ ಓಡಿ ಬಂದು ಅಣ್ಣನ ಕೈ ಹಿಡಿದುಕೊಂಡಳು. “ಇದೇನೋ ಅಂಟು?”

ಅವನು ಮುಷ್ಟಿ ಬಿಚ್ಚಿದ. ಬೇಯಿಸಿದ ಮೊಟ್ಟೆ ಬೆರಳ ಸಂದಿಯಲ್ಲೆಲ್ಲ ಹಿಟ್ಟಾಗಿ ಮೆತ್ತಿಕೊಂಡಿತ್ತು.

ಅತ್ತಿಗೆ ಸೆರಗಿನಿಂದ ಆ ಕೈ ಒರೆಸುತ್ತಾ ಹೇಳಿದಳು: “ಮದುವೆಯಾದಾಗಿನಿಂದ ಇವರ ಕೈಗೆ ಸಿಕ್ಕಿದ ಮೊಟ್ಟೆ ಬಾಯಿಗೆ ಹೋಗದೇ ಇದ್ದದ್ದು ಇದೇ ಮೊದಲು.”