ಡಾಕ್ಟರಿಗೆ ತೋರಿಸಿದ ಹಲ್ಲು

“ಇವಳು ಪುತ್ತೂರಿನ ಹಾಸ್ಟೆಲಿಗಾ? ಆಗುವ ಮಾತಲ್ಲ,” ಎಂದಿದ್ದರು ದೊಡ್ಡಪ್ಪ. ಈಗಲೂ ಎಲ್ಲಾದರೂ ಭತ್ತದ ಉಮಿ ಸುಟ್ಟ ವಾಸನೆ ಬಂದರೆ ಆ ದಿನ ನೆನಪಾಗಿ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಅಪ್ಪ ದೊಡ್ಡಪ್ಪನ ಮಾತು ಕೇಳಲಿಲ್ಲ. ಹಾಸ್ಟೆಲಿಗೆ ಸೇರಲು ಡಾಕ್ಟರ ಸರ್ಟಿಫಿಕೇಟು ಬೇಕಿತ್ತು. ಬೆಳ್ಳಾರೆಯಿಂದ ಪುತ್ತೂರಿಗೆ ಹೋಗುವ ಮೊದಲ ಬಸ್ಸು ತಪ್ಪೀತೆಂದು ನಾನು ಹಲ್ಲುಜ್ಜದೆ ಅಪ್ಪನ ಹಿಂದೆ ಓಡಿದ್ದೆ. “ಉಜ್ಜದೆ ನೀರೂ ಕುಡಿಯಬೇಡ,” ಎಂದು ಅಮ್ಮ ಬಾಳೆಲೆಯಲ್ಲಿ ಉಮಿ ಸುಟ್ಟು ಮಾಡಿದ ಉಮಿಕರಿ ಕಟ್ಟಿಕೊಟ್ಟಿದ್ದರು. ಪುತ್ತೂರಿನಲ್ಲಿ ಡಾಕ್ಟರ ಜಗಲಿಯ ಬದಿಗೆ ನಿಂತು, ಮಾವಿನೆಲೆ ಮಡಚಿ, ಆ ಕರಿಯಿಂದ ಗಸಗಸ ಉಜ್ಜಿದೆ. ಬಾಯಿ ತೊಳೆಯಲು ನೀರು ಹುಡುಕುವಷ್ಟರಲ್ಲಿ ಒಳಗಿಂದ ಕರೆ ಬಂತು.

ನನ್ನ ಬಾಯಿ ತೆರೆಸಿದ ಡಾಕ್ಟರು ಬೆಚ್ಚಿದರು. “ಎಂತ ಮಾರಾಯ್ರೆ, ಹಲ್ಲೆಲ್ಲ ಹುಳ ತಿಂದಿದೆಯಲ್ಲ! ನಾನು ಹೇಗೆ ಬರೆದು ಕೊಡುದು?”

ಅಪ್ಪ ಮೇಜಿನ ಮೇಲಿದ್ದ ನೀರಿನ ತಂಬಿಗೆಯನ್ನೇ ಎತ್ತಿ ನನ್ನ ಕೈಗೆ ಕೊಟ್ಟರು. ಕಿಟಕಿಯಾಚೆ ಮುಕ್ಕಳಿಸಿ ಉಗಿದೆ.

“ಹುಳ ಅಲ್ಲ ಡಾಕ್ಟ್ರೇ, ಉಮಿಕರಿ. ಈಗ ನೋಡಿ,” ಎಂದರು ಅಪ್ಪ.

ಡಾಕ್ಟರು ನಗುತ್ತಲೇ ಬರೆದರು. ಅಪ್ಪ ಆ ಇಂಗ್ಲಿಷ್ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ನನಗೆ ಕೊಟ್ಟರು.

“ನೀನೇ ಹಿಡಿ. ಕಲಿತು ಬಂದ ಮೇಲೆ ಇದರಲ್ಲಿ ಎಂತ ಉಂಟು ಅಂತ ನನಗೆ ಓದಿ ಹೇಳ್ಬೇಕು.”